ಅಕ್ಕನ ಫೋನಿಗೆ ಬಂದ ಬನ್ನಿ

ಹೂಲಿಯ ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಕಾಲು ಗಂಟೆ ಮುಂದೆ ಇರುತ್ತಿತ್ತು. ಕೆಟ್ಟಿರಲಿಲ್ಲ, ಅವ್ವ ಬೇಕೆಂದೇ ಹಾಗೆ ಇಟ್ಟಿದ್ದಳು. ಬೆಳಿಗ್ಗೆ ಸವದತ್ತಿಗೆ ಹೋಗುವ ಬಸ್ಸು ಒಂದೇ. ಅದು ತಪ್ಪಿದರೆ ಶಾಲೆ ತಪ್ಪಿತು, ಸಂತೆ ತಪ್ಪಿತು, ದವಾಖಾನೆಯೂ ತಪ್ಪಿತು. “ಮುಂದ ಇದ್ದಾವ್ರು ಹಿಂದ ಬೀಳೂದಿಲ್ಲ” ಎನ್ನುವುದು ಅವ್ವನ ಸಿದ್ಧಾಂತ. ನಾವು ಮೂವರು ಮಕ್ಕಳು ಆ ಗಡಿಯಾರ ನೋಡಿ ಕಾಲು ಗಂಟೆ ಕಳೆದು ಹೇಳುವುದನ್ನು ಮಗ್ಗಿಗಿಂತ ಮೊದಲು ಕಲಿತೆವು. ಎಷ್ಟು ಚೆನ್ನಾಗಿ ಕಲಿತೆವೆಂದರೆ, ಕಳೆಯುತ್ತಿದ್ದೇವೆ ಎಂಬುದೇ ಮರೆತುಹೋಯಿತು.

ಮೂವರಲ್ಲಿ ಅಣ್ಣ ಹಿರಿಯ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದು, ನಿವೃತ್ತನಾದ ಮೇಲೆ ಅತ್ತಿಗೆಯ, ನಮ್ಮ ಬಾಯಲ್ಲಿ ವೈನಿಯ, ಊರಾದ ರಾಮದುರ್ಗದಲ್ಲಿ ಮನೆ ಕಟ್ಟಿಕೊಂಡ. ಅಕ್ಕ ಬೈಲಹೊಂಗಲದಲ್ಲಿದ್ದಾಳೆ. ಓಣಿಯ ಹೆಂಗಸರನ್ನು ಜೊತೆ ಮಾಡಿಕೊಂಡು ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಕೊನೆಯವಳಾದ ನಾನು ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಕಡೆ ಬಸ್ಸು ಹತ್ತಿದರೆ ಅಣ್ಣ, ಆ ಕಡೆ ಹತ್ತಿದರೆ ಅಕ್ಕ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂದರಂತೆ. ಅವರಿಬ್ಬರ ಜಗಳದಲ್ಲಿ ನನಗೆ ಸಿಕ್ಕಿದ್ದು ಬಸ್ ಪ್ರಯಾಣ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಅದೊಂದು ಪುಣ್ಯ.

ಜಗಳ ಹೆಣ್ಣು ಕೇಳುವ ಮಾತಿನಿಂದ ಹುಟ್ಟಿತು. ನಮ್ಮಲ್ಲಿ ತಂಗಿಯಾದವಳು ಅಣ್ಣನ ಮಗಳನ್ನು ತನ್ನ ಮಗನಿಗೆ ಕೇಳುವುದು ಹೆಚ್ಚುಕಡಿಮೆ ಹಕ್ಕು. ಅಕ್ಕ ಕೇಳಿದಳು. ಅಣ್ಣ ಒಲ್ಲೆ ಅಂದ. ಹುಡುಗಿಗೇ ಮನಸ್ಸಿರಲಿಲ್ಲ, ರಕ್ತಸಂಬಂಧದಲ್ಲಿ ಮದುವೆ ಬೇಡವೆಂಬ ತಿಳಿವಳಿಕೆಯೂ ಅವನಿಗಿತ್ತು. ಒಲ್ಲೆ ಅಂದದ್ದು ಸರಿ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅವನು ಅದನ್ನು ನಕ್ಕು ಹೇಳಿದ. ಅಕ್ಕನ ಗಂಡನ ಮನೆಯವರೆಲ್ಲ ಕೂತಿದ್ದ ಪಡಸಾಲೆಯಲ್ಲಿ, “ಇನ್ನೂ ಯಾವ ಕಾಲದಾಗ ಅದೀಯವಾ ನೀ?” ಎಂದು ನಕ್ಕುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ತನ್ನ ಫೋನಿನಲ್ಲಿ ಅವನ ನಂಬರು ಬ್ಲಾಕ್ ಮಾಡಿಸಿದಳು. ಮಾಡಿಕೊಟ್ಟವಳು ನಾನೇ, ಇಂಥ ಕೆಲಸಕ್ಕೆ ಮನೆಯಲ್ಲಿ ಇನ್ನಾರಿದ್ದಾರೆ.

ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂದರೆ ನಮ್ಮ ಕಡೆ ಎಂಥ ಜಗಳವೂ ಮುಗಿಯುತ್ತದೆ. ಆದರೆ ಅದಕ್ಕೊಂದು ರೀತಿ ಇದೆ, ಕಿರಿಯರು ಹಿರಿಯರ ಮನೆಗೆ ಹೋಗಿ ಕೊಡಬೇಕು. ಅಕ್ಕ ಹೋಗಲಿಲ್ಲ. ಅಣ್ಣ ಹಿರಿಯ, ತಾನಾಗಿ ಬರುವ ಹಾಗಿಲ್ಲ. ಹೀಗೆ ಎಷ್ಟೋ ದಸರೆಗಳು ಹೋದವು. ಪ್ರತಿ ವರ್ಷ ನಾನು ಎರಡೂ ಮನೆಗೆ ಹೋಗಿ ಎಲೆ ಕೊಟ್ಟು, ಎರಡೂ ಮನೆಯ ಹೋಳಿಗೆ ತಿಂದು, ಎರಡೂ ಕಡೆಯ ಮೌನ ಕೇಳಿ ಬರುತ್ತಿದ್ದೆ.

ನಿವೃತ್ತಿಯ ಮೇಲೆ ಅಣ್ಣನಿಗೆ ಫೋನಿನ ಹುಚ್ಚು ಹಿಡಿಯಿತು. ಊರಿನ ಉಳಿದ ಪಿಂಚಣಿದಾರರು ಕಟ್ಟೆಯ ಮೇಲೆ ಕೂತು ರಾಜಕೀಯ ಮಾತಾಡಿದರೆ, ಇವನು ಕ್ರಿಪ್ಟೊ ವ್ಯಾಲೆಟ್ಟು, ಬ್ಲಾಕ್‌ಚೈನು ಅನ್ನುತ್ತ ವೀಡಿಯೊ ನೋಡುತ್ತಿದ್ದ. ದುಡ್ಡಿನ ಆಸೆಗಲ್ಲ, ಹಾಕಿದ್ದೂ ಇಲ್ಲ ಕಳೆದದ್ದೂ ಇಲ್ಲ. ಬದುಕೆಲ್ಲ ಗೇಟು ತೆಗೆದು ಹಾಕಿದವನಿಗೆ ಯಾರೂ ಕಾಯದ ಬಾಗಿಲು ಎಂಬುದೇ ಒಂದು ಸೋಜಿಗ.

“ಇದರಾಗ ನಡುವ ಯಾರೂ ಇಲ್ಲ ನೋಡವಾ,” ಎಂದು ನನಗೆ ಹೇಳುತ್ತಿದ್ದ. “ಬ್ಯಾಂಕಿಲ್ಲ, ಸಾಹೇಬಿಲ್ಲ, ಸಹಿ ಶಿಕ್ಕಾ ಇಲ್ಲ. ಕೊಡಾಂವ ಒಬ್ಬ, ತಗೊಳಾಂವ ಒಬ್ಬ. ಮತ್ತ ಒಮ್ಮೆ ಬರದಿಟ್ಟದ್ದು ಯಾರಪ್ಪ ಬಂದ್ರೂ ಅಳಿಸಾಕ ಬರೂದಿಲ್ಲ.”

ಹೋದ ದಸರೆಯ ಹಿಂದಿನ ದಿನ ಅವನ ಫೋನು ಬಂತು. ಹೂಲಿಗೆ ಹೋಗಿ ಊರ ಹೊರಗಿನ ಬನ್ನಿ ಗಿಡದ ಒಂದು ಟೊಂಗೆಯ ಫೋಟೊ ತೆಗೆದು ತಂದಿದ್ದನಂತೆ. ಅದರ ಜೊತೆ ತನ್ನ ದನಿಯಲ್ಲಿ ಒಂದು ಮಾತು ಸೇರಿಸಿ, ಅಂಥದೊಂದು ಬ್ಲಾಕ್‌ಚೈನ್ ಆಪಿನಲ್ಲಿ ಇಟ್ಟಿದ್ದಾನಂತೆ. ಅಕ್ಕನ ಫೋನಿನಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವ ಒಂದು ವ್ಯಾಲೆಟ್ ಮಾಡಿಕೊಟ್ಟು ಅದರ ವಿಳಾಸ ಕಳಿಸಬೇಕಂತೆ. ಅಕ್ಕ ತನ್ನ ವ್ಯಾಲೆಟ್ಟನ್ನು ಆ ಆಪಿಗೆ ಕೂಡಿಸಿ ‘ಸ್ವೀಕರಿಸು’ ಎಂಬಲ್ಲಿ ಒತ್ತಿದರೆ ಎಲೆ ಅವಳದಾಗುತ್ತದೆ, ದನಿಯೂ ಆಗಲೇ ಕೇಳುತ್ತದೆ.

ನನಗೆ ಸಿಟ್ಟು ಬಂತು. “ಅಣ್ಣಾ, ಒಂದು ವಾಯ್ಸ್ ಮೆಸೇಜ್ ನನಗ ಕಳಿಸು, ನಾ ಆಕಿಗೆ ಕೇಳಸ್ತೇನಿ. ಇಲ್ಲಾ, ಬಸ್ಸು ಹತ್ತಿ ಬಾ. ಇದೆಂಥಾ ಸರ್ಕಸ್ಸು!”

“ಹಂಗಲ್ಲ ತಂಗಿ. ಬನ್ನಿ ಕೊಡಬೇಕಂದ್ರ ಎದರಿಗಿದ್ದಾವ್ರು ಕೈ ಚಾಚಬೇಕು. ನೀ ಕೇಳಿಸಿದ್ರ ಆಕಿ ಕೈ ಚಾಚಿದಂಗ ಆಗೂದಿಲ್ಲ. ಇದರಾಗ ಆಕಿ ಒತ್ತಬೇಕು. ಒತ್ತಿದ್ರ ನನಗ ಇಲ್ಲಿ ಕಾಣತೈತಿ. ಕಂಡ ದಿನಾನ ನಾ ಬರತೇನಿ.” ಮೇಲೆ ಇದನ್ನೂ ಅಂದ: “ಒತ್ತು ಅಂತ ನೀ ಆಕಿಗೆ ಗಂಟು ಬೀಳಬ್ಯಾಡ. ಮತ್ತ ನನ್ನ ಮುಂದ ಆಕಿ ಸುದ್ದಿ ಹೇಳಾಕೂ ಬ್ಯಾಡ. ಒತ್ತಿದ್ರ ಒತ್ತಲಿ.”

ಹೋಗಿಯೂ ಹೋಗದಂತೆ, ಸೋತೂ ಸೋಲದಂತೆ ಇರುವ ದಾರಿಯೊಂದನ್ನು ಆ ಮನುಷ್ಯ ಹುಡುಕಿಕೊಂಡಿದ್ದ. ನಾನು ನಕ್ಕೆ. ಆಮೇಲೆ ಅದರಲ್ಲೊಂದು ನ್ಯಾಯವಿದೆ ಎನ್ನಿಸಿತು. ನಡುವೆ ಯಾರೂ ಇಲ್ಲವೆಂದು ಅವನು ಹೇಳಿದ ಆ ವ್ಯವಹಾರದ ನಡುವೆ ಮಾರನೆಯ ದಿನ ನಾನು ಬೈಲಹೊಂಗಲದ ಬಸ್ಸಿನಲ್ಲಿ ಕೂತಿದ್ದೆ.

ಅಕ್ಕ ಮೊದಲು ಮೂಗು ಮುರಿದಳು. “ಗಿಡದ ಎಲಿ ಸಿಗವಲ್ದಾಗೇತೇನು ಅವಗ?” ಅಂದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಇನ್ನೊಂದು ಬಡಿದಳು. ಆಮೇಲೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋನು ನನ್ನ ಮುಂದೆ ಇಟ್ಟಳು. ನಾನು ವ್ಯಾಲೆಟ್ ಹಾಕಿದೆ. ಅದರ ಕೀಲಿಯಂತೆ ಅದು ಕೊಟ್ಟ ಗುಟ್ಟಿನ ಪದಗಳನ್ನು ಬರೆದುಕೊಟ್ಟರೆ ದೇವರ ಜಗಲಿಯ ವಿಭೂತಿ ಡಬ್ಬಿಯ ಕೆಳಗೆ ಇಟ್ಟು ಕೈ ಮುಗಿದಳು. ವಿಳಾಸ ಅಣ್ಣನಿಗೆ ಹೋಯಿತು, ಅವನಿಂದ ನನಗೆ ಲಿಂಕು ಬಂತು, ಅದನ್ನು ಅಕ್ಕನ ಫೋನಿಗೆ ಹಾಕಿದೆ. ತೆರೆದರೆ ಬನ್ನಿಯ ಟೊಂಗೆ ಮಸುಕಾಗಿ ಕಂಡಿತು, ಕೆಳಗೆ ‘ಕನೆಕ್ಟ್’ ಎಂಬ ಗುಂಡಿ.

ಅಕ್ಕ ಬೆರಳು ಚಾಚಿ ತಾನೇ ಒತ್ತಿದಳು. ವ್ಯಾಲೆಟ್ ತೆರೆದುಕೊಂಡಿತು. ಬಿಳಿಯ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. ‘ಕೋರಿಕೆಯ ಅವಧಿ ಮುಗಿದಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ.

“ಏನಂತೈತಿ?” ಎಂದು ಕೇಳಿದಳು.

“ಟೈಮ್ ಮುಗೀತು ಅಂತೈತಿ ಅಕ್ಕಾ.”

“ಈಗರೆ ಒತ್ತೇನಲ್ಲ!”

ನೆಟ್‌ವರ್ಕ್ ಸಾಲದು ಎಂದುಕೊಂಡೆ. ಮಾಳಿಗೆ ಹತ್ತಿದೆವು. ಅಲ್ಲಿ ರೊಟ್ಟಿ ಆರಲು ಹಾಕಿದ್ದ ಹಾಸುಬಟ್ಟೆಗಳ ನಡುವೆ ನಿಂತು ಒತ್ತಿದೆವು, ಆಗಲಿಲ್ಲ. ಇಳಿಯುವಾಗ ಮೆಟ್ಟಿಲ ಮೇಲೆ ಅಕ್ಕ ನನ್ನ ರಟ್ಟೆ ಹಿಡಿದಳು. “ನಾ ಒತ್ತಿದೆ ಅಂತ ಅವಗ ಹೇಳಬ್ಯಾಡ. ಆತಂದ್ರ ತಾನ ಕಾಣತೈತಿ, ಇಲ್ಲಂದ್ರ ಇಲ್ಲ. ಮತ್ತೊಮ್ಮೆ ನನ್ನ ನೋಡಿ ನಗೂದು ಬ್ಯಾಡ. ಅವ್ವನ ಆಣಿ ಐತಿ ನಿನಗ.”

ಆಣೆ ಅಂದರೆ ನಮ್ಮ ಮನೆಯಲ್ಲಿ ಆಣೆಯೇ. ವಿಜ್ಞಾನದ ಟೀಚರಾದರೇನು, ಅವ್ವನ ಹೆಸರು ಬಂದರೆ ನನ್ನ ನಾಲಗೆ ಕಟ್ಟುತ್ತದೆ. ಹೀಗೆ ಒಬ್ಬನು ಸುದ್ದಿ ಹೇಳಬೇಡ ಅಂದ, ಒಬ್ಬಳು ಆಣೆ ಹಾಕಿದಳು, ನಾನು ನಡುವೆ ತುಟಿ ಹೊಲಿದುಕೊಂಡು ಕೂತೆ.

ಅವತ್ತಿನಿಂದ ರಜೆ ಬಂದರೆ ನನ್ನ ಕೆಲಸ ಅದೇ. ಹಳೆಯ ಕನೆಕ್ಷನ್ ಉಳಿದುಕೊಂಡಿದ್ದರೆ ಅಡ್ಡಿ ಎಂದು ಓದಿ ಅದನ್ನು ತೆಗೆದೆ. ಮಾಮೂಲಿ ಬ್ರೌಸರು ಬಿಟ್ಟು ವ್ಯಾಲೆಟ್ಟಿನ ಒಳಗಿನ ಬ್ರೌಸರಿನಲ್ಲೇ ಲಿಂಕು ತೆರೆದೆ. ವ್ಯಾಲೆಟ್ ಒಂದು ನೆಟ್‌ವರ್ಕಿನಲ್ಲಿ, ಆಪು ಇನ್ನೊಂದರಲ್ಲಿ ಇದ್ದರೆ ಕೂಡುವುದಿಲ್ಲವೆಂದು ಗೊತ್ತಾಗಿ ಎರಡನ್ನೂ ಒಂದೇ ಮಾಡಿದೆ. ಫೋನು ಆರಿಸಿ ಹಚ್ಚಿದೆ. ಪಕ್ಕದ ಮನೆಯ ವೈಫೈ ಬೇಡಿ ತಂದೆ. ಕೊನೆಗೆ ವ್ಯಾಲೆಟ್ಟನ್ನೇ ಕಿತ್ತುಹಾಕಿ, ವಿಭೂತಿ ಡಬ್ಬಿ ಎತ್ತಿ, ಆ ಪದಗಳನ್ನು ಹಾಕಿ ಮತ್ತೆ ತಂದೆ. ಅಕ್ಕ ಪ್ರತಿ ಸಲ ಕೈ ತೊಳೆದುಕೊಂಡು ಬಂದು ಒತ್ತುವಳು. ಪ್ರತಿ ಸಲ ಆ ಚಕ್ರ ತಿರುಗಿ ಅವಧಿ ಮುಗಿಯಿತು ಅನ್ನುವುದು.

ಇಂಟರ್ನೆಟ್ಟಿನ ಒಂದು ಗುಂಪಿನಲ್ಲಿ ಸಹಾಯ ಕೇಳಿದೆ. ಒಬ್ಬ ಪುಣ್ಯಾತ್ಮ ಕೂಡಲೇ ಬಂದು, ಗುಟ್ಟಿನ ಪದ ಕಳಿಸಿ ಮೇಡಂ, ನಾನು ಸರಿ ಮಾಡಿಕೊಡುತ್ತೇನೆ ಅಂದ. ಕಳ್ಳನ ಕೈಗೆ ಕೀಲಿ ಕೊಡುವಷ್ಟು ದಡ್ಡಿ ನಾನಲ್ಲ, ಅವನಿಗೆ ನಮ್ಮ ಕಡೆಯ ಭಾಷೆಯಲ್ಲೇ ಉತ್ತರ ಕೊಟ್ಟೆ. ಇನ್ನೊಬ್ಬರು ಮಾತ್ರ ಸಭ್ಯವಾಗಿ ಬರೆದಿದ್ದರು: ಬಹಳ ಸಲ ಫೋನಿನ ತಾರೀಖು, ಸಮಯ ತಪ್ಪಿದ್ದರೆ ಹೀಗಾಗುತ್ತದೆ, ಒಮ್ಮೆ ನೋಡಿ. ನೋಡಿದೆ. ಅಕ್ಕನ ಫೋನು ಕೈಯಲ್ಲಿ ಹಿಡಿದು, ಮೂಲೆಯಲ್ಲಿದ್ದ ಸಮಯ ಓದಿ, ಸರಿ ಇದೆ ಎಂದು ಬರೆದೆ.

“ನನ್ನ ಫೋನಿಗೆ ನಿನ್ನ ವ್ಯಾಲೆಟ್ ತಗೊಂಡು ಒತ್ತೂಣೇನು?” ಎಂದು ಒಂದು ದಿನ ಕೇಳಿದೆ. ಅಲ್ಲಿ ಆಗುತ್ತಿತ್ತು. ಖಂಡಿತ ಆಗುತ್ತಿತ್ತು.

ಅಕ್ಕ ಒಪ್ಪಲಿಲ್ಲ. “ಮಂದಿ ಕೈಲೆ ಬನ್ನಿ ತಗೋತಾರೇನ? ನನ್ನ ಫೋನಿನ್ಯಾಗ ಬರಲಿ.” ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೋಡಿ, ಇಬ್ಬರ ತಕರಾರೂ ಒಂದೇ. ನಾನು ಅವತ್ತು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬಸ್ಸಿನ ಹೊತ್ತಾಗಿತ್ತು, ಮುಂದಿನ ವಾರ ನೋಡೋಣ ಎಂದು ಬಂದುಬಿಟ್ಟೆ.

ಅತ್ತ ಅಣ್ಣ ನನಗೆ ಫೋನು ಮಾಡುತ್ತಿದ್ದ. ಅಕ್ಕನ ಹೆಸರೆತ್ತುವುದು ಅವನ ಮರ್ಯಾದೆಗೆ ಕಡಿಮೆ. ನನ್ನ ಗಂಡನ ಬಿಪಿ, ಶಾಲೆಯ ಪರೀಕ್ಷೆ, ಎಲ್ಲ ವಿಚಾರಿಸಿ ಕೊನೆಗೆ, “ಬೈಲಹೊಂಗಲದಾಗ ಮಳಿ ಆತೇನ?” ಅನ್ನುತ್ತಿದ್ದ. ಅವನು ಕೇಳುತ್ತಿದ್ದುದು ಏನೆಂದು ನನಗೆ ಗೊತ್ತು. ನನಗೆ ಗೊತ್ತು ಎಂಬುದು ಅವನಿಗೂ ಗೊತ್ತು. ನಾನು ಮಳೆಯ ಸುದ್ದಿ ಹೇಳುತ್ತಿದ್ದೆ. ಆಗಿಲ್ಲಂತ ಅಣ್ಣಾ, ಮೋಡ ಆಗೇತಂತ, ಹನಿ ಬಿದ್ದಿಲ್ಲಂತ. “ಹೂಂ” ಅಂದು ಇಟ್ಟುಬಿಡುತ್ತಿದ್ದ. ಹಿಂಗಾರಿ ಮುಗಿಯಿತು, ಚಳಿ ಬಂತು, ಕಡಲೆ ಹೂ ಬಿಟ್ಟಿತು. ಆಮೇಲೂ ಅವನು ಮಳೆ ಕೇಳುವುದು ಬಿಡಲಿಲ್ಲ. ಆ ಮನುಷ್ಯನಿಗೆ ಒಂದು ಮಾತು ಹೇಳಿದ್ದರೆ ಅವ್ವ ನನ್ನನ್ನು ಶಪಿಸುತ್ತಿದ್ದಳೇ? ಇವತ್ತು ಕೇಳಿದರೆ ಇಲ್ಲ ಎನ್ನುತ್ತೇನೆ.

ಎಳ್ಳ ಅಮಾವಾಸ್ಯೆಯ ಮುಂದಿನ ವಾರ, ಬೆಳಿಗ್ಗೆ ನಾನು ಶಾಲೆಗೆ ಹೊರಡುತ್ತಿದ್ದಾಗ ವೈನಿಯ ಫೋನು ಬಂತು. ಅಣ್ಣನಿಗೆ ಲಕ್ವಾ ಹೊಡೆದಿತ್ತು. ನಾನು ಅಕ್ಕನಿಗೆ ತಿಳಿಸಿದೆ, ಬರುತ್ತೀಯಾ ಎಂದು ಕೇಳಲು ಬಾಯಿ ತೆರೆಯುವ ಮೊದಲೇ ಆಕೆ, “ನಾ ಬಸ್ ಸ್ಟ್ಯಾಂಡಿಗೆ ಹೊಂಟೇನಿ” ಅಂದಳು. ರೀತಿ, ಹಿರಿತನ, ನಗೆ ಎಲ್ಲ ರೊಟ್ಟಿಯ ಹಂಚಿನ ಮೇಲೇ ಉಳಿದವು.

ಜೀವದ ಅಪಾಯ ದಾಟಿದ ಮೇಲೆ ಅವನನ್ನು ದವಾಖಾನೆಯಿಂದ ಮನೆಗೆ ತಂದರು. ಬಲಗೈ ಬಲಗಾಲು ಸತ್ತಿದ್ದವು, ಮಾತು ಹೋಗಿತ್ತು. ಏನು ಕೇಳಿದರೂ ‘ಮ’ ಎಂಬ ಒಂದೇ ಸದ್ದು. ನೀರಿಗೂ ಅದೇ, ನೋವಿಗೂ ಅದೇ. ಅಕ್ಕ ಅವನ ಮಂಚದ ಪಕ್ಕ ನೆಲದ ಮೇಲೆ ಕೂತಳು. ಅಷ್ಟು ವರ್ಷದ ಮೇಲೆ ಎದುರಾದವರು ಏನು ಮಾತಾಡಬೇಕೋ ಅದನ್ನು ಆಡಲು ಒಬ್ಬನಿಗೆ ನಾಲಗೆ ಇರಲಿಲ್ಲ, ಇನ್ನೊಬ್ಬಳಿಗೆ ಧೈರ್ಯ ಇರಲಿಲ್ಲ.

ವೈನಿ ಚಹಾ ತಂದುಕೊಟ್ಟು, ಅಣ್ಣನ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅಕ್ಕನ ಕಡೆ ನೋಡದೆ ನನಗೆ ಅಂದರು: “ದಿನಾ ಮುಂಜಾನೆ ಎದ್ದು ಇದನ್ನ ತೆಗದು ನೋಡತಿದ್ರು. ‘ಇನ್ನೂ ತಗೊಂಡಿಲ್ಲ’ ಅಂತ ಬರತಿತ್ತು. ಕಡೀಕ ಕಡೀಕ, ‘ಆಕಿ ಒಲ್ಲೆ ಅಂದಾಳ ಬಿಡು, ನಾನೂ ಆಕಿಗೆ ಒಲ್ಲೆ ಅಂದಿದ್ನಲ್ಲ, ಲೆಕ್ಕ ಸರಿಯಾತು’ ಅಂತಿದ್ರು.”

ಅಕ್ಕ ಕುಡಿಯುತ್ತಿದ್ದ ಚಹಾದ ಲೋಟ ನೆಲಕ್ಕಿಟ್ಟಳು. “ನಾ ಒಲ್ಲೆ ಅಂದಿಲ್ಲರಿ ವೈನಿ” ಎಂದಳು. ದನಿ ಹುಡುಗಿಯ ದನಿಯಂತಿತ್ತು. ಮಡಿಲಿನಿಂದ ತನ್ನ ಫೋನು ತೆಗೆದು, ಸಾಕ್ಷಿ ಹೇಳಿಸುವವಳಂತೆ ಅಣ್ಣನ ಫೋನಿನ ಪಕ್ಕ ಇಟ್ಟಳು. “ತಂಗಿ, ತೋರಸು ಇವರಿಗೆ.”

ನಾನು ಎರಡೂ ಫೋನುಗಳ ಮುಂದೆ ನಿಂತೆ. ಎರಡರ ತೆರೆಯೂ ಬೆಳಗಿತ್ತು. ಅಣ್ಣನದರಲ್ಲಿ ನಾಲ್ಕು ಹೊಡೆಯಲು ಇನ್ನೂ ಐದು ನಿಮಿಷ ಇತ್ತು. ಅಕ್ಕನದರಲ್ಲಿ ನಾಲ್ಕು ಹೊಡೆದು ಹತ್ತು ನಿಮಿಷವಾಗಿತ್ತು.

ಅಣ್ಣ ಗೇಟಿನ ಕೆಲಸಕ್ಕೆ ಸೇರಿದ ಮೇಲೆ ಹೂಲಿಯ ಕಾಲು ಗಂಟೆಯನ್ನು ಬಿಟ್ಟಿದ್ದ, ಅಲ್ಲಿ ನಿಮಿಷ ತಪ್ಪುವಂತಿಲ್ಲ. ಅಕ್ಕ ಬಿಟ್ಟಿರಲಿಲ್ಲ. ಗೋಡೆಯ ಗಡಿಯಾರದಂತೆ ಫೋನಿನ ಗಡಿಯಾರವನ್ನೂ ಕೈಯಿಂದಲೇ ಮುಂದೆ ಇಟ್ಟುಕೊಂಡಿದ್ದಳು. ಆ ಆಪು ಕೆಲವೇ ನಿಮಿಷ ಬಾಳುವ ಕೋರಿಕೆ ಕಳಿಸುತ್ತಿತ್ತು, ಅಕ್ಕನ ಫೋನು ಅದನ್ನು ಕಂಡ ಕೂಡಲೇ, ಇದರ ಹೊತ್ತು ಎಂದೋ ಮುಗಿದಿದೆ ಎಂದು ವಾಪಸು ಮಾಡುತ್ತಿತ್ತು. ಸಮಯ ನೋಡಿ ಎಂದು ಆ ಅಪರಿಚಿತರು ಬರೆದಾಗ ನಾನು ನೋಡಿದ್ದೆ. ಅವ್ವನ ಮನೆಯ ಮಗಳ ಕಣ್ಣಿನಿಂದ ನೋಡಿದ್ದೆ. ಕಣ್ಣು ಓದುವಾಗಲೇ ಮನಸ್ಸು ಕಾಲು ಗಂಟೆ ಕಳೆದು, ಸರಿ ಇದೆ ಅಂದಿತ್ತು. ಬೇರೆ ಯಾವ ಮನೆಯವರಿಗೆ ತೋರಿಸಿದ್ದರೂ ಆ ಕ್ಷಣವೇ ಹಿಡಿಯುತ್ತಿದ್ದರು.

ಸಮಯವನ್ನು ಫೋನು ತಾನೇ ಹಾಕಿಕೊಳ್ಳುವಂತೆ ಮಾಡಿದೆ. ಅಂಕಿಗಳು ಹಿಂದೆ ಸರಿದವು. ಅಕ್ಕನ ಕೈಗೆ ಕೊಟ್ಟು “ಒತ್ತು” ಅಂದೆ. ಚಕ್ರ ಅರ್ಧ ಸುತ್ತೂ ತಿರುಗಲಿಲ್ಲ, ಕೂಡಿತು. ‘ಸ್ವೀಕರಿಸು’ ಬಂತು. ಅದನ್ನೂ ಒತ್ತಿದಳು. ಮಸುಕಾಗಿದ್ದ ಬನ್ನಿಯ ಟೊಂಗೆ ಹಸಿರಾಗಿ ತೆರೆಯ ತುಂಬ ನಿಂತಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಆಮೇಲೆ ಅಣ್ಣನ ದನಿ ಬಂತು. ಗಂಟಲು ಸರಿ ಮಾಡಿಕೊಂಡ ಸದ್ದು ಮೊದಲು. “ತಂಗಿ, ಹಿರಿಯಾಂವ ನಾ ಮೊದಲ ಕೊಡಾಕತ್ತೇನಿ. ಅವತ್ತ ನಾ ನಗಬಾರದಿತ್ತು. ಬನ್ನಿ ತಗೊ, ಬಂಗಾರದಂಗ ಇರೋಣು.” ಅಷ್ಟೇ.

ಮಂಚದ ಮೇಲೆ ಅಣ್ಣ ಫೋನಿನ ಕಡೆ ನೋಡುತ್ತಿದ್ದ. ತನ್ನ ದನಿಯೆಂದು ಗುರುತು ಹತ್ತಿತೋ ಇಲ್ಲವೋ. ಬಲಗಣ್ಣಿನಿಂದ ನೀರು ಇಳಿಯಿತು. ಆದರೆ ಲಕ್ವಾ ಹೊಡೆದ ಮೇಲೆ ಆ ಕಣ್ಣು ದಿನವಿಡೀ ಸೋರುತ್ತದೆ ಎಂದು ವೈನಿ ಮೊದಲೇ ಹೇಳಿದ್ದರು. ಅವನ ಫೋನಿನಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಬಂದದ್ದನ್ನು ಮುಖದ ಹತ್ತಿರ ಹಿಡಿದು ತೋರಿಸಿದೆ. ಅಲ್ಲಿ ಅವತ್ತಿನ ತಾರೀಖು ಇತ್ತು.

ಅಕ್ಕ ಅದನ್ನು ಓದಿದಳು. “ಇವತ್ತ ತಗೊಂಡೆ ಅಂತ ಐತಿ. ಹಿಂದ ಒತ್ತಿದ್ದೆಲ್ಲ? ಮಾಳಿಗಿ ಮ್ಯಾಲ ಒತ್ತಿದ್ದು, ಕೈ ತೊಳಕೊಂಡು ಬಂದು ಬಂದು ಒತ್ತಿದ್ದು? ಅದೂ ಇದರಾಗ ಕಾಣತೈತೇನ ಇವಗ?”

“ಇಲ್ಲ ಅಕ್ಕಾ. ಕೂಡಿದ್ದಷ್ಟ ಬರಕೋತೈತಿ. ಕೂಡಲಾರದ್ದು ಎಲ್ಲೂ ಇರೂದಿಲ್ಲ.”

“ಅಳಿಸಾಕ ಬರೂದಿಲ್ಲ ಅಂತಿದ್ದನಲ್ಲ?”

“ಬರಕೊಂಡಿದ್ರ ಅಲ್ಲೇನ ಅಳಿಸೂದು.”

ಅಕ್ಕ ತನ್ನ ಫೋನು ಮಡಿಲಿಗೆ ಹಾಕಿಕೊಂಡಳು. ಆಮೇಲೆ, “ಹಂಗಾದ್ರ ನೀನ ಹೇಳು ಅವಗ. ಆಣಿ ಬಿಟ್ಟೇನಿ” ಅಂದಳು.

ನಾನು ಅಣ್ಣನ ತಲೆದಿಂಬಿನ ಹತ್ತಿರ ಕೂತು ಹೇಳಿದೆ. ದಸರೆಯ ದಿನವೇ ಆಕೆ ಒತ್ತಿದ್ದು ಹೇಳಿದೆ. ಮಾಳಿಗೆ, ಪಕ್ಕದ ಮನೆಯ ವೈಫೈ, ವಿಭೂತಿ ಡಬ್ಬಿ, ಅವ್ವನ ಕಾಲು ಗಂಟೆ ಎಲ್ಲ ಹೇಳಿದೆ. ನೀನು ಮಳೆ ಕೇಳಿದಾಗೆಲ್ಲ ನಾನು ಮಳೆಯನ್ನೇ ಹೇಳಿ ನಿನ್ನನ್ನು ಕೊಂದೆ ಎಂದೂ ಹೇಳಿದೆ. ಅಕ್ಕ ಅವನ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ಹಿಡಿದದ್ದು ಸತ್ತ ಕೈಯನ್ನು. ವೈನಿ ಬಂದು ಮೆಲ್ಲಗೆ ಅದನ್ನು ಬಿಡಿಸಿ ಎಡಗೈ ಹಿಡಿಸಿದರು.

ನಾನು ನಿಲ್ಲಿಸಿದಾಗ ಅಣ್ಣ ತುಟಿ ಕೂಡಿಸಿ ಒಂದೇ ಸದ್ದು ಮಾಡಿದ. “ಮ.”

“ಏನಂತಾನ?” ಅಕ್ಕ ನನ್ನ ಮುಖ ನೋಡಿದಳು.

ವೈನಿ ಆಗಲೇ ನೀರಿನ ತಂಬಿಗೆಗೆ ಕೈ ಹಾಕಿದ್ದರು. ನಾನು ಹೇಳಿದೆ: “ಬೈಲಹೊಂಗಲದಾಗ ಮಳಿ ಆತೇನ ಅಂತ ಕೇಳತಾನ ಅಕ್ಕಾ.”

ಅಕ್ಕ ಅವನ ಎಡಗೈಯನ್ನು ಎರಡೂ ಕೈಯಿಂದ ಹಿಡಿದು ಕಿವಿಯ ಹತ್ತಿರ ಬಾಗಿದಳು. “ಆಗೇತಿ ಅಣ್ಣಾ,” ಅಂದಳು. “ನಮ್ಮ ಕಡೆ ಚೊಲೋ ಮಳಿ ಆಗೇತಿ. ದಸರಿ ದಿನಾನ ಆಗೇತಿ.”

ಆ ವರ್ಷ ದಸರೆಗೆ ಬೈಲಹೊಂಗಲದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.